ಯಾರು ಮೊದಲು? ಬೂದಿಯನ್ನು ಕೇಳಿ

ನಾರ್ವೆಯ ಪಶ್ಚಿಮ ಕರಾವಳಿಯಲ್ಲಿ, ಅಟ್ಲಾಂಟಿಕ್ ಸಾಗರದ ಗಾಳಿ ನೇರವಾಗಿ ಬಂದು ಬಡಿಯುವ ಕಡೆ, ಕ್ರೋಕೆನೆಸ್ ಎಂಬ ಪುಟ್ಟ ಸರೋವರವಿದೆ. ಅಲ್ಲಿಂದ ದಕ್ಷಿಣಕ್ಕೆ ಸುಮಾರು 1,300 ಕಿಲೋಮೀಟರ್ ಬಂದರೆ ಜರ್ಮನಿಯ ಐಫೆಲ್ ಗುಡ್ಡಗಾಡು. ಅಲ್ಲಿ ತಣ್ಣಗಾದ ಜ್ವಾಲಾಮುಖಿಯೊಂದರ ಬಾಯಿಯಲ್ಲಿ ನೀರು ನಿಂತು ಮೀರ್‌ಫೆಲ್ಡರ್ ಮಾರ್ ಎಂಬ ಇನ್ನೊಂದು ಸರೋವರವಾಗಿದೆ. ಎರಡರ ತಳದಲ್ಲೂ ಹಿಮಯುಗ ಮುಗಿಯುವ ಹೊತ್ತಿನಿಂದ ಕೂತ ಹೂಳು ಕದಡದೆ ಉಳಿದಿದೆ. ಕೊಳವೆ ಇಳಿಸಿ ಆ ಹೂಳನ್ನು ಕಂಬದಂತೆ ಮೇಲೆತ್ತಿ ಸೀಳಿದರೆ, ಆ ಕಾಲದ ಚಳಿ, ಗಾಳಿ, ಗಿಡಮರಗಳ ಕಥೆಯೆಲ್ಲ ಪದರ ಪದರವಾಗಿ ಸಿಗುತ್ತದೆ.

ಸುಮಾರು 12,900 ವರ್ಷಗಳ ಹಿಂದೆ, ಬೆಚ್ಚಗಾಗುತ್ತಿದ್ದ ಯುರೋಪು ಇದ್ದಕ್ಕಿದ್ದಂತೆ ಮತ್ತೆ ಚಳಿಗೆ ಜಾರಿತು. ಸಾವಿರದ ಇನ್ನೂರು ವರ್ಷ ನಡೆದ ಆ ಮರುಚಳಿಗೆ ವಿಜ್ಞಾನಿಗಳು ಯಂಗರ್ ಡ್ರೈಯಾಸ್ ಎಂದು ಹೆಸರಿಟ್ಟಿದ್ದಾರೆ. ಅದರ ನಡುಮಧ್ಯದಲ್ಲಿ ಒಂದು ಬದಲಾವಣೆ ಬರುತ್ತದೆ. ಜರ್ಮನಿಯ ಸರೋವರದಲ್ಲಿ ಚಳಿಗಾಲದ ಬಿರುಗಾಳಿಯ ಗುರುತುಗಳು ಕಡಿಮೆಯಾಗುತ್ತವೆ. ನಾರ್ವೆಯ ಸರೋವರದಲ್ಲಿ ಹಿಮನದಿ ಕರಗಿ ತಂದ ನುಣುಪು ಮಣ್ಣಿನ ಪ್ರಮಾಣ ಏರಿಳಿಯತೊಡಗುತ್ತದೆ. ಎರಡೂ ಕಡೆ ಗಾಳಿಯ ದಾರಿ ಬದಲಾದದ್ದರ ಲಕ್ಷಣ ಅದು. ಹಾಗಾದರೆ ಮೊದಲು ಬದಲಾದದ್ದು ಯಾವುದು? ಜರ್ಮನಿಯೋ ನಾರ್ವೆಯೋ, ಅಥವಾ ಎರಡೂ ಒಟ್ಟಿಗೆಯೋ?

ಕೇಳುವುದು ಸುಲಭ. ಆದರೆ ಹನ್ನೆರಡು ಸಾವಿರ ವರ್ಷ ಹಿಂದಿನ ಹೂಳಿಗೆ ಕಾರ್ಬನ್ ವಿಧಾನದಿಂದ ವಯಸ್ಸು ಕಟ್ಟಿದರೆ ಐವತ್ತೋ ನೂರೋ ವರ್ಷ ಆಚೀಚೆ ಆಗುವುದು ಮಾಮೂಲು. ಒಂದು ಸರೋವರದಲ್ಲಿ ನೂರು ವರ್ಷ ಅತ್ತ, ಇನ್ನೊಂದರಲ್ಲಿ ನೂರು ವರ್ಷ ಇತ್ತ ಜಾರಿದರೆ ಯಾರು ಮೊದಲು ಎನ್ನುವ ಪ್ರಶ್ನೆಯೇ ಮುಳುಗಿಹೋಗುತ್ತದೆ. ಸುಣ್ಣದ ಅಂಶ ಹೆಚ್ಚಿರುವ ನೀರಾದರೆ ಇನ್ನೂ ಕಷ್ಟ. ನೀರಿನೊಳಗೆ ಬೆಳೆದ ಸಸ್ಯಗಳು ಕಲ್ಲಿನಿಂದ ಕರಗಿ ಬಂದ ಹಳೆಯ ಇಂಗಾಲವನ್ನು ಉಂಡಿರುತ್ತವೆ, ಹಾಗಾಗಿ ತಮ್ಮ ವಯಸ್ಸಿಗಿಂತ ಮುದುಕರಂತೆ ತೋರುತ್ತವೆ.

ನಮ್ಮ ಹಳ್ಳಿಗಳ ಹಿರಿಯರಿಗೆ ಈ ಕಷ್ಟ ಹೊಸದಲ್ಲ. ಜನ್ಮದಿನಾಂಕ ಬರೆದಿಡದ ಕಾಲದಲ್ಲಿ “ಪ್ಲೇಗು ಬಂದ ಮರುವರ್ಷ ನನ್ನಣ್ಣ ಹುಟ್ಟಿದ, ಪ್ಲೇಗಿಗೆ ಎರಡು ವರ್ಷ ಮೊದಲು ನಿಮ್ಮಜ್ಜಿ ಹುಟ್ಟಿದಳು” ಎಂದು ಲೆಕ್ಕ ಹೇಳುತ್ತಿದ್ದರು. ಪ್ಲೇಗು ಬಂದದ್ದು ಯಾವ ಇಸವಿಯಲ್ಲಿ ಎಂದು ಗೊತ್ತಿಲ್ಲದಿದ್ದರೂ ಅಜ್ಜಿ ಅಣ್ಣನಿಗಿಂತ ಮೂರು ವರ್ಷ ದೊಡ್ಡವಳು ಎಂಬುದು ಖಚಿತ. ಎರಡು ಮನೆಗಳಿಗೂ ಒಂದೇ ಸಲ ಬಂದುಹೋದ ಘಟನೆಯೊಂದು ಸಿಕ್ಕರೆ ಸಾಕು, ಇಸವಿಯ ಹಂಗಿಲ್ಲದೆ ಹಿಂದು ಮುಂದು ತೀರ್ಮಾನವಾಗುತ್ತದೆ.

ಸರೋವರಗಳಿಗೆ ಅಂಥ ಘಟನೆಯನ್ನು ಒದಗಿಸುವುದು ಜ್ವಾಲಾಮುಖಿ. ಅದರ ಬೂದಿ ಎಂದು ನಾವು ಕರೆಯುವುದು ಏನನ್ನೋ ಸುಟ್ಟ ಬೂದಿಯಲ್ಲ, ಗಾಜು. ನೆಲದಾಳದ ಶಿಲಾಪಾಕ ಮೇಲೇರುವಾಗ ಅದರಲ್ಲಿ ಕರಗಿದ್ದ ನೀರಾವಿ, ಅನಿಲಗಳು ಗುಳ್ಳೆಯಾಗಿ ಉಕ್ಕುತ್ತವೆ. ನೊರೆಯಾದ ಪಾಕ ಸಿಡಿದು ಗಾಳಿಗೆ ತಾಗಿದ ಕೂಡಲೇ, ಹರಳುಗಟ್ಟಲು ಸಮಯ ಸಿಗದೆ, ಗಾಜಾಗಿ ಹೆಪ್ಪುಗಟ್ಟುತ್ತದೆ. ಹಾಗಾಗಿ ಬೂದಿಯ ಒಂದೊಂದು ಕಣವೂ ಒಡೆದ ಗುಳ್ಳೆಯ ಗೋಡೆಯ ಚೂರು: ಬಾಗಿದ ತೆಳು ಹಾಳೆಯಂಥವು, ಮೂರು ಗುಳ್ಳೆ ಕೂಡಿದ ಜಾಗದಲ್ಲಿ ಮುರಿದ ಕವಲುಗಡ್ಡಿಯಂಥವು. ದಪ್ಪ ಕಣಗಳು ಬೆಟ್ಟದ ಬುಡದಲ್ಲೇ ಬೀಳುತ್ತವೆ. ಕೂದಲೆಳೆಗಿಂತ ಸಣ್ಣವು ಸಾವಿರಾರು ಕಿಲೋಮೀಟರ್ ತೇಲಿಹೋಗಿ ಕೆಲವು ದಿನಗಳಲ್ಲಿ, ಹೆಚ್ಚೆಂದರೆ ವಾರಗಳಲ್ಲಿ ನೆಲಕ್ಕಿಳಿಯುತ್ತವೆ. ಸಾವಿರಾರು ವರ್ಷಗಳ ಲೆಕ್ಕದಲ್ಲಿ ಕೆಲವು ವಾರ ಎಂದರೆ ಒಂದೇ ಕ್ಷಣ.

ಬೂದಿ ಎಲ್ಲೆಡೆ ಬೀಳುತ್ತದೆ, ಆದರೆ ಎಲ್ಲೆಡೆ ಉಳಿಯುವುದಿಲ್ಲ. ಹೊಲದಲ್ಲಿ ಬಿದ್ದದ್ದನ್ನು ಎರೆಹುಳು, ಮಳೆ, ನೇಗಿಲು ಕಲಸಿಬಿಡುತ್ತವೆ. ಆಳವಾದ, ತಳದಲ್ಲಿ ಆಮ್ಲಜನಕವಿಲ್ಲದ ಸರೋವರದಲ್ಲಿ ಹೂಳನ್ನು ಕೆದಕುವ ಹುಳುಹುಪ್ಪಟೆಗಳು ಬದುಕುವುದಿಲ್ಲ. ಅಂಥ ಕಡೆ ವರ್ಷಕ್ಕೊಂದರಂತೆ ಜೋಡಿಪದರ ಕೂರುತ್ತದೆ, ಬೇಸಿಗೆಗೊಂದು ಬಣ್ಣ, ಚಳಿಗಾಲಕ್ಕೊಂದು ಬಣ್ಣ. ಜಪಾನಿನ ಫುಕುಯಿ ಪ್ರಾಂತ್ಯದ ಸುಯಿಗೆತ್ಸು ಸರೋವರ ಇದಕ್ಕೆ ಹೇಳಿಮಾಡಿಸಿದ ಜಾಗ. ಸುತ್ತ ಗುಡ್ಡಗಳಿರುವುದರಿಂದ ಗಾಳಿ ನೀರನ್ನು ಕಲಕುವುದಿಲ್ಲ. ಹೊಳೆ ಮೊದಲು ಪಕ್ಕದ ಮಿಕಾತ ಸರೋವರಕ್ಕೆ ಸೇರಿ ತನ್ನ ಮರಳು, ಕಲ್ಲು ಎಲ್ಲವನ್ನೂ ಅಲ್ಲೇ ಇಳಿಸಿಬರುತ್ತದೆ. ಸಮೀಪದ ಭೂಬಿರುಕಿನಿಂದಾಗಿ ತಳ ನಿಧಾನವಾಗಿ ಕುಸಿಯುತ್ತಲೇ ಇರುವುದರಿಂದ ಎಷ್ಟು ಹೂಳು ಬಂದರೂ ಅದು ತುಂಬಿಲ್ಲ. 2006ರಲ್ಲಿ ಅಲ್ಲಿ 73 ಮೀಟರ್ ಆಳದ ಹೂಳುಕಂಬವನ್ನು ಎತ್ತಿದರು. ಅದರಲ್ಲಿ 45 ಮೀಟರಿನಷ್ಟು ವಾರ್ಷಿಕ ಪದರಗಳು, ಸುಮಾರು 70,000 ವರ್ಷದ್ದು. ಅದನ್ನು ನೋಡಲೆಂದೇ 2018ರಿಂದ ಅಲ್ಲೊಂದು ಮ್ಯೂಸಿಯಂ ಇದೆ. ಹೂಳು ನೋಡಲು ಟಿಕೆಟ್ ಕೊಂಡು ಹೋಗುವ ಜಾಗ ಜಗತ್ತಿನಲ್ಲಿ ಹೆಚ್ಚಿಲ್ಲ.

ಸುಯಿಗೆತ್ಸು ಹೂಳಿನಲ್ಲಿ ಕಣ್ಣಿಗೆ ಕಾಣುವ ಬೂದಿಪದರಗಳಿವೆ. ಅವುಗಳಲ್ಲಿ ಒಂದು ಸುಮಾರು 30,000 ವರ್ಷಗಳ ಹಿಂದೆ ಜಪಾನಿನ ದಕ್ಷಿಣದ ತುದಿಯ ಐರಾ ಜ್ವಾಲಾಮುಖಿಯಿಂದ, ಆರುನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದಿಂದ ಬಂದದ್ದು. ದೇಶದ ಬೇರೆ ಬೇರೆ ಕಡೆ ಬೇರೆ ಬೇರೆ ಹೆಸರಿನಿಂದ ಕರೆಯುತ್ತಿದ್ದ ಪದರಗಳೆಲ್ಲ ಈ ಒಂದೇ ಬೂದಿ ಎಂದು ಮಚಿದಾ ಹಿರೋಶಿ ಮತ್ತು ಅರಾಯ್ ಫುಸಾವೊ 1976ರಲ್ಲಿ ತೋರಿಸಿಕೊಟ್ಟಿದ್ದರು. ಕಣ್ಣಿಗೆ ಕಾಣದ ಬೂದಿಯೂ ಇದೆ. ಚೀನಾ ಮತ್ತು ಉತ್ತರ ಕೊರಿಯಾ ಗಡಿಯ ಪೆಕ್ಟು ಪರ್ವತ ಸ್ಫೋಟಿಸಿದಾಗ ಹಾರಿದ ಗಾಜು ಈ ಹೂಳಿನಲ್ಲೂ ಇದೆ, ಗ್ರೀನ್‌ಲ್ಯಾಂಡಿನ ಹಿಮದಲ್ಲೂ ಇದೆ. ಆ ಸ್ಫೋಟದ ವರ್ಷ 946 ಎಂದು ಗೊತ್ತಾದದ್ದು ಬೂದಿಯಲ್ಲಿ ಹೂತುಹೋಗಿದ್ದ ಒಂದು ಮರದಿಂದ. 775ರ ಉಂಗುರದಲ್ಲಿ ಜಗತ್ತಿನ ಮರಗಳಲ್ಲೆಲ್ಲ ಕಾರ್ಬನ್-14ರ ಏಕಾಏಕಿ ಏರಿಕೆ ದಾಖಲಾಗಿದೆ. ಆ ಉಂಗುರವನ್ನು ಗುರುತಿಸಿ, ಅಲ್ಲಿಂದ ತೊಗಟೆಯವರೆಗೆ ಎಣಿಸಿದರೆ ಆಯಿತು. ಬೂದಿಯ ಕೆಲಸದಲ್ಲಿ ಇಷ್ಟು ಕರಾರುವಾಕ್ಕಾದ ಇಸವಿ ಸಿಗುವುದು ಅಪರೂಪ.

ಕಣ್ಣಿಗೆ ಕಾಣದ ಬೂದಿಯನ್ನು ಹುಡುಕುವುದು ಹೇಗೆ? ಯಾವ ಪದರದಲ್ಲಿ ಇದೆ ಎಂದು ಗೊತ್ತಿಲ್ಲದ ಕಾರಣ ಎಲ್ಲವನ್ನೂ ನೋಡಲೇಬೇಕು. ಹೂಳುಕಂಬವನ್ನು ಉದ್ದಕ್ಕೂ ಬಿಡದೆ ಐದೈದು ಸೆಂಟಿಮೀಟರಿನ ತುಂಡು ಮಾಡುತ್ತಾರೆ. ಪ್ರತಿ ತುಂಡಿನಿಂದ ಚಿಟಿಕೆ ಹೂಳನ್ನು ತೆಗೆದು ಆಮ್ಲದಲ್ಲಿ ಅದ್ದಿ ಸುಣ್ಣವನ್ನು ಕರಗಿಸುತ್ತಾರೆ. ಆಮೇಲೆ ನೈಲಾನ್ ಜರಡಿಯಲ್ಲಿ ಸೋಸಿ, 25 ಮೈಕ್ರಾನಿಗಿಂತ ಸಣ್ಣದನ್ನು ಬಿಟ್ಟುಬಿಡುತ್ತಾರೆ. ಉಳಿದದ್ದರಲ್ಲಿ ಮರಳು, ಪಾಚಿಯ ಚಿಪ್ಪು, ಗಾಜು ಎಲ್ಲ ಬೆರೆತಿರುತ್ತವೆ. ಬೇರ್ಪಡಿಸಲು ನೆರವಾಗುವುದು ಸೋಡಿಯಂ ಪಾಲಿಟಂಗ್‌ಸ್ಟೇಟ್ ಎಂಬ ಲವಣ. ನೀರಿಗೆ ಅದನ್ನು ಬೆರೆಸುತ್ತ ಹೋದರೆ ದ್ರವ ನೀರಿನ ಎರಡೂವರೆ ಪಟ್ಟು ತೂಕದ್ದಾಗುತ್ತದೆ. ಅದರಲ್ಲಿ ಹಾಕಿ ಗರಗರ ತಿರುಗಿಸಿದರೆ ಗಾಜಿಗಿಂತ ಭಾರದ ಹರಳುಗಳು ತಳಕ್ಕಿಳಿಯುತ್ತವೆ, ಗಾಜು ತೇಲುತ್ತದೆ. ಅದಕ್ಕೂ ಮೊದಲು ಕೊಂಚ ಹಗುರ ದ್ರವದಲ್ಲಿ ಇದೇ ಕೆಲಸ ಮಾಡಿ, ತೇಲುವ ಪಾಚಿಚಿಪ್ಪುಗಳನ್ನು ಚೆಲ್ಲಿರುತ್ತಾರೆ.

ಕೊನೆಗೆ ಉಳಿದ ಧೂಳನ್ನು ಸ್ಲೈಡಿನ ಮೇಲೆ ಹರಡಿ ಸೂಕ್ಷ್ಮದರ್ಶಕದಡಿ ಇಡುತ್ತಾರೆ. ಅಡ್ಡಡ್ಡ ಇಟ್ಟ ಎರಡು ಪೋಲರಾಯ್ಡ್ ಫಲಕಗಳ ನಡುವೆ ನೋಡಿದಾಗ ಬೆಣಚಿನ ಹರಳು ಹೊಳೆಯುತ್ತದೆ, ಗಾಜು ಕಪ್ಪಾಗಿ ಮಾಯವಾಗುತ್ತದೆ. ಫಲಕ ತೆಗೆದರೆ ಮತ್ತೆ ಕಾಣಿಸಿಕೊಳ್ಳುತ್ತದೆ. ಹೀಗೆ ಒಂದೊಂದೇ ಸ್ಲೈಡ್ ಎಣಿಸುತ್ತ, ದಿನಗಟ್ಟಲೆ ಸೊನ್ನೆ ಬರೆಯುತ್ತ ಕೂತವರಿಗೆ ಒಂದು ತುಂಡಿನಲ್ಲಿ ಇದ್ದಕ್ಕಿದ್ದಂತೆ ಹತ್ತಾರು ಚೂರುಗಳು ಕಂಡರೆ, ಆಗ ಆ ಐದು ಸೆಂಟಿಮೀಟರನ್ನು ಒಂದೊಂದು ಸೆಂಟಿಮೀಟರಾಗಿ ಸೀಳಿ ಮತ್ತೆ ಮೊದಲಿನಿಂದ. ಕಡೆಗೆ ಸೂಜಿಯಲ್ಲಿ ಒಂದೊಂದೇ ಚೂರನ್ನು ಹೀರಿ, ರೆಸಿನ್‌ನಲ್ಲಿ ಕೂರಿಸಿ, ಕನ್ನಡಿಯಂತೆ ಉಜ್ಜಿ, ಎಲೆಕ್ಟ್ರಾನ್ ಕಿರಣ ಹಾಯಿಸಿ ಅದರಲ್ಲಿ ಸಿಲಿಕಾ ಎಷ್ಟು, ಪೊಟ್ಯಾಶ್ ಎಷ್ಟು, ಕಬ್ಬಿಣ ಎಷ್ಟು ಎಂದು ಅಳೆಯುತ್ತಾರೆ. ಜ್ವಾಲಾಮುಖಿಯ ಒಡಲಿನಲ್ಲಿ ಆ ಹೊತ್ತಿಗೆ ಎಂಥ ಪಾಕವಿತ್ತೋ ಅದರ ರುಜು ಗಾಜಿನಲ್ಲಿ ಇರುತ್ತದೆ. ಈ ವಿದ್ಯೆಯಲ್ಲಿ ಬುದ್ಧಿಗಿಂತ ಬೆನ್ನುಮೂಳೆಗೇ ಹೆಚ್ಚು ಕೆಲಸ ಎಂದು ನನಗನ್ನಿಸುತ್ತದೆ.

ಇದನ್ನೆಲ್ಲ ಶಾಸ್ತ್ರವಾಗಿ ಕಟ್ಟಿಕೊಟ್ಟವರು ಐಸ್‌ಲ್ಯಾಂಡಿನ ಸಿಗುರ್ದುರ್ ಥೋರಾರಿನ್ಸನ್. 1944ರಲ್ಲಿ ಸ್ಟಾಕ್‌ಹೋಮಿನಲ್ಲಿ ಸಲ್ಲಿಸಿದ ಪ್ರೌಢಪ್ರಬಂಧದಲ್ಲಿ ಅವರು ಬೂದಿಯಿಂದ ಕಾಲ ಹೇಳುವ ವಿಧಾನಕ್ಕೆ ಟೆಫ್ರೋಕ್ರೊನಾಲಜಿ ಎಂದು ಹೆಸರಿಟ್ಟರು. ಅವರ ನಾಡಿನಲ್ಲಿ ಬೂದಿಗೂ ಬರವಿಲ್ಲ, ಸ್ಫೋಟದ ಇಸವಿ ಬರೆದಿಟ್ಟ ಹಳೆಯ ದಾಖಲೆಗಳಿಗೂ ಬರವಿಲ್ಲ. 1104ರ ಹೆಕ್ಲಾ ಸ್ಫೋಟದ ಬಿಳಿ ಬೂದಿ ಥ್ಯೋರ್ಸಾರ್‌ದಾಲುರ್ ಕಣಿವೆಯ ತೋಟದಮನೆಗಳನ್ನು ಹೂತುಹಾಕಿತ್ತು. ಇನ್ನೊಂದು ಬೂದಿ ದ್ವೀಪದ ಬಹುಭಾಗದಲ್ಲಿ ಸಿಗುತ್ತದೆ. ಮನುಷ್ಯರು ಅಲ್ಲಿ ನೆಲೆಯೂರಿದ ಗುರುತುಗಳೆಲ್ಲ ಬಹುಮಟ್ಟಿಗೆ ಆ ಪದರದ ಮೇಲೆಯೇ ಇವೆ, ಕೆಳಗೆ ಇರುವುದು ತೀರ ಅಪರೂಪ. ಗ್ರೀನ್‌ಲ್ಯಾಂಡಿನ ಹಿಮದಲ್ಲಿ ಅದೇ ಗಾಜು ಸಿಕ್ಕಿ, ಹಿಮದ ವಾರ್ಷಿಕ ಪದರಗಳನ್ನು ಎಣಿಸಿದಾಗ ಅದು ಬಿದ್ದ ಇಸವಿ 871, ಎರಡು ವರ್ಷ ಆಚೀಚೆ ಎಂದು ತೀರ್ಮಾನವಾಯಿತು. ರೇಕ್ಯಾವಿಕ್ ನಗರದ ಮ್ಯೂಸಿಯಂ ತನ್ನ ಪ್ರದರ್ಶನಕ್ಕೆ ಆ ಸಂಖ್ಯೆಯನ್ನೇ ಹೆಸರಾಗಿಸಿಕೊಂಡಿತು. ಆಮೇಲೆ ಹಿಮದ ಎಣಿಕೆಯನ್ನು ತಿದ್ದಿದಾಗ ಅದು 877 ಆಯಿತು! ಆದರೆ ಬೂದಿಯ ಕೆಳಗಿದ್ದದ್ದು ಕೆಳಗೇ ಇತ್ತು, ಮೇಲಿದ್ದದ್ದು ಮೇಲೇ ಇತ್ತು. ಇಸವಿ ಜಾರಿತು, ಕ್ರಮ ಜಾರಲಿಲ್ಲ.

ಮೊದಲ ಪ್ರಶ್ನೆಗೆ ಬರೋಣ. ಐಸ್‌ಲ್ಯಾಂಡಿನ ಕಾಟ್ಲಾ ಜ್ವಾಲಾಮುಖಿ ಯಂಗರ್ ಡ್ರೈಯಾಸ್ ಚಳಿಯ ನಡುವೆ ಒಮ್ಮೆ ಭಾರಿ ಸ್ಫೋಟಗೊಂಡಿತ್ತು. ಆ ಬೂದಿಗೆ ನಾರ್ವೆಯ ಒಂದು ಊರಿನಿಂದ ವೆಡ್ಡೆ ಎಂಬ ಹೆಸರು ಬಂದಿದೆ. ನಾರ್ವೆ, ಸ್ವೀಡನ್, ಸ್ಕಾಟ್ಲೆಂಡ್, ಸ್ವಿಟ್ಜರ್ಲೆಂಡ್, ಸ್ಲೊವೇನಿಯಾದ ಬ್ಲೆಡ್ ಸರೋವರ, ವಾಯುವ್ಯ ರಷ್ಯಾ, ಗ್ರೀನ್‌ಲ್ಯಾಂಡಿನ ಹಿಮ ಎಲ್ಲೆಡೆ ಅದು ಸಿಕ್ಕಿದೆ. ಕ್ರೋಕೆನೆಸ್‌ನಲ್ಲಿ ಬರಿಗಣ್ಣಿಗೆ ಕಾಣುತ್ತದೆ. ಮೀರ್‌ಫೆಲ್ಡರ್ ಮಾರ್‌ನಲ್ಲಿ ಕಾಣುವುದಿಲ್ಲ. ಕ್ರಿಸ್ಟೀನ್ ಲೇನ್ ಮತ್ತು ಸಂಗಡಿಗರು ಮೇಲೆ ಹೇಳಿದಂತೆ ಹೂಳನ್ನು ಸೋಸಿ ಅದನ್ನು ಅಲ್ಲಿ ಹಿಡಿದರು. 2013ರಲ್ಲಿ ಫಲಿತಾಂಶ ಪ್ರಕಟವಾಯಿತು. ಜರ್ಮನಿಯಲ್ಲಿ ಗಾಳಿ ಬದಲಾದದ್ದು ಬೂದಿ ಬೀಳುವುದಕ್ಕೆ 100 ವರ್ಷ ಮೊದಲು. ನಾರ್ವೆಯಲ್ಲಿ ಬೂದಿ ಬಿದ್ದ 20 ವರ್ಷದ ನಂತರ. ಅಂದರೆ ಬದಲಾವಣೆ ದಕ್ಷಿಣದಿಂದ ಉತ್ತರಕ್ಕೆ ಹೋಗಲು 120 ವರ್ಷ ಬೇಕಾಯಿತು. ಧ್ರುವದ ತಣ್ಣನೆಯ ಗಾಳಿಯ ಗಡಿ ಒಂದೇ ಏಟಿಗೆ ಹಿಂದೆ ಸರಿಯದೆ, ಸಮುದ್ರದ ಹಿಮ ಕರಗಿದಂತೆ ನಿಧಾನವಾಗಿ ಉತ್ತರಕ್ಕೆ ಹಿಂಜರಿಯಿತು.

ಇಲ್ಲಿ ಗಮನಿಸಬೇಕಾದದ್ದು, ಈ 120 ವರ್ಷದ ಲೆಕ್ಕಕ್ಕೆ ವೆಡ್ಡೆ ಬೂದಿಯ ವಯಸ್ಸು ಬೇಕಾಗಿಯೇ ಇಲ್ಲ. ಹಿಮದ ಪದರಗಳ ಎಣಿಕೆ ಅದನ್ನು ಸುಮಾರು 12,100 ವರ್ಷ, 114 ವರ್ಷ ಆಚೀಚೆ ಎನ್ನುತ್ತದೆ. ಆ 114 ಬದಲಾಗಿ 500 ಆಗಿದ್ದರೂ 120 ಹಾಗೇ ಉಳಿಯುತ್ತಿತ್ತು. ಪ್ರಸಂಗಕ್ಕೆ ಇನ್ನೊಂದು ಮಾತು. ಕಾರ್ಬನ್ ವಿಧಾನದವರು “ಇಂದಿಗೆ ಇಷ್ಟು ವರ್ಷ ಹಿಂದೆ” ಎಂದರೆ ಅವರ ಇಂದು 1950ನೇ ಇಸವಿ. ಹಿಮ ಎಣಿಸುವವರ ಇಂದು 2000ನೇ ಇಸವಿ. ಇಬ್ಬರ ಸಂಖ್ಯೆಯನ್ನು ಹೋಲಿಸುವಾಗ ಐವತ್ತು ವರ್ಷ ಸರಿಪಡಿಸಿಕೊಳ್ಳದಿದ್ದರೆ ಇಲ್ಲದ ಅಂತರ ಕಾಣಿಸುತ್ತದೆ. ಬೂದಿಗೆ ಇಂಥ ತಾಪತ್ರಯವಿಲ್ಲ.

ಮೀರ್‌ಫೆಲ್ಡರ್ ಮಾರ್‌ನ ಹೂಳಿನಲ್ಲಿ ಇನ್ನೂ ಕೆಳಗೆ ಮತ್ತೊಂದು ಬೂದಿಯಿದೆ. ಅಲ್ಲಿಂದ ಈಶಾನ್ಯಕ್ಕೆ ಸುಮಾರು ಐವತ್ತು ಕಿಲೋಮೀಟರ್ ದೂರದ ಲಾಖರ್ ಸೇ ಜ್ವಾಲಾಮುಖಿಯದು. ಅದು ಉತ್ತರದಲ್ಲಿ ಸ್ವೀಡನ್ನಿನ ಗೊಟ್‌ಲ್ಯಾಂಡ್ ದ್ವೀಪದವರೆಗೂ ದಕ್ಷಿಣದಲ್ಲಿ ಉತ್ತರ ಇಟಲಿಯವರೆಗೂ ಹರಡಿದೆ. ಹೂಳಿನ ಪದರಗಳನ್ನು ಎಣಿಸಿ ಅದರ ವಯಸ್ಸು 12,880 ವರ್ಷ ಎಂದು ಹೇಳುತ್ತಿದ್ದರು. ಆ ಬೂದಿಯ ಮೇಲೆ ಸುಮಾರು 200 ವಾರ್ಷಿಕ ಪದರಗಳಾದ ಮೇಲೆ ಯಂಗರ್ ಡ್ರೈಯಾಸ್ ಚಳಿಯ ಮೊದಲ ಗುರುತು ಬರುತ್ತದೆ, ಅಂದರೆ 12,680ರ ಆಸುಪಾಸು. ಆದರೆ ಗ್ರೀನ್‌ಲ್ಯಾಂಡಿನ ಹಿಮದಲ್ಲಿ ಚಳಿ ಶುರುವಾದದ್ದು 12,850ರ ಆಸುಪಾಸು. ಹಾಗಾಗಿ ಗ್ರೀನ್‌ಲ್ಯಾಂಡ್ ತಣ್ಣಗಾದ 170 ವರ್ಷದ ಮೇಲೆ ಜರ್ಮನಿ ತಣ್ಣಗಾಯಿತು ಎಂಬ ವಾದ ಹುಟ್ಟಿತು. ಅಷ್ಟು ತಡ ಯಾಕೆ ಎಂದು ವಿವರಿಸುವ ಪ್ರಬಂಧಗಳೂ ಬಂದವು.

2021ರಲ್ಲಿ ಫ್ರೆಡೆರಿಕ್ ರೈನಿಗ್ ಮತ್ತು ಸಂಗಡಿಗರು ಲಾಖರ್ ಸೇಯ ಸುಡುಬೂದಿಯಲ್ಲಿ ಹೂತು ಇದ್ದಲಾಗಿದ್ದ ಬರ್ಚ್ ಮತ್ತು ಪಾಪ್ಲರ್ ಮರಗಳನ್ನು ಕೈಗೆತ್ತಿಕೊಂಡರು. ಉಂಗುರ ಉಂಗುರವಾಗಿ ಕಾರ್ಬನ್ ಅಳೆದು, ಸ್ವಿಟ್ಜರ್ಲೆಂಡಿನ ಹಳೆಯ ಮರಗಳ ದಾಖಲೆಗೆ ಹೊಂದಿಸಿದರು. ಉತ್ತರ 13,006, ಬರೀ 9 ವರ್ಷ ಆಚೀಚೆ. ಸ್ಫೋಟವೇ ಸುಮಾರು 130 ವರ್ಷ ಹಿಂದಕ್ಕೆ ಸರಿದ ಮೇಲೆ ಅದರ ಮೇಲಿನ 200 ಪದರಗಳೂ ಅದರ ಜತೆಗೇ ಸರಿದವು. ಜರ್ಮನಿಯ ಚಳಿ 12,807ಕ್ಕೆ ಬಂದು ನಿಂತಿತು. ಗ್ರೀನ್‌ಲ್ಯಾಂಡಿನ ಸಂಖ್ಯೆಗೂ ಅದಕ್ಕೂ ಹೇಳಿಕೊಳ್ಳುವ ವ್ಯತ್ಯಾಸವೇ ಉಳಿಯಲಿಲ್ಲ. ತಡವನ್ನು ವಿವರಿಸಲು ಪಟ್ಟ ಪಾಡು ನೀರಿನಲ್ಲಿ ಹೋಮವಾಯಿತು ಎನ್ನಬಹುದು. ಆದರೆ 200 ಪದರಗಳು ಮಾತ್ರ 200ಆಗಿಯೇ ಉಳಿದವು. ಲಾಖರ್ ಸೇ ಸ್ಫೋಟವೇ ಯಂಗರ್ ಡ್ರೈಯಾಸ್ ಚಳಿಗೆ ಕಾರಣ ಎನ್ನುವವರಿಗೆ ಈ 200 ವರ್ಷ ಇವತ್ತಿಗೂ ಅಡ್ಡ ನಿಂತಿದೆ.

ಎಲ್ಲರೂ ಒಪ್ಪಿದರು ಎಂದಲ್ಲ. ಜ್ವಾಲಾಮುಖಿಯ ಮಗ್ಗುಲಲ್ಲೇ ಬೆಳೆದ ಮರಗಳು ನೆಲದಿಂದ ಸೋರುವ ಹಳೆಯ ಇಂಗಾಲಾನಿಲವನ್ನು ಉಸಿರಾಡಿರಬಹುದು, ಹಾಗಿದ್ದರೆ ಅವು ನಿಜಕ್ಕಿಂತ ಹಳೆಯವಾಗಿ ತೋರುತ್ತವೆ ಎಂಬ ಆಕ್ಷೇಪ ಬಂತು. ತೂಕದ ಆಕ್ಷೇಪವೇ ಅದು. 2025ರಲ್ಲಿ ಜರ್ಮನಿಯ ಒಂದು ಗುಹೆಯ ಕಲ್ಲುಗಂಬದಲ್ಲಿ ಸ್ಫೋಟದ ಗಂಧಕದ ಗುರುತು ಸಿಕ್ಕಿತು. ಕಾರ್ಬನ್ನಿನ ಹಂಗಿಲ್ಲದ ಯುರೇನಿಯಂ ವಿಧಾನದಲ್ಲಿ ಅದರ ವಯಸ್ಸು 13,008 ಬಂದದ್ದು ಮರದವರಿಗೆ ದೊಡ್ಡ ಬಲವಾಯಿತು. ಆದರೂ ಲಾಖರ್ ಸೇಯಿಂದ ವೆಡ್ಡೆವರೆಗಿನ ಹೂಳಿನ ಪದರಗಳ ಎಣಿಕೆಯೂ, ಎರಡು ಬೂದಿಗಳಿಗೆ ಬೇರೆ ಬೇರೆ ಕಡೆಯಿಂದ ಬಂದ ವಯಸ್ಸಿನ ಅಂತರವೂ ಇನ್ನೂ ಸಲೀಸಾಗಿ ಕೂಡಿಬರುತ್ತಿಲ್ಲ. ಹೂಳಿನಲ್ಲಿ ಪದರ ತಪ್ಪಿಹೋಗಿವೆಯೋ, ಹಿಮದ ಎಣಿಕೆಯಲ್ಲಿ ಕೊರತೆಯಿದೆಯೋ, ಜಗಳ ನಡೆಯುತ್ತಿದೆ.

ಬೂದಿಯೂ ಮೋಸ ಮಾಡುತ್ತದೆ. ಕಾಟ್ಲಾ ಜ್ವಾಲಾಮುಖಿ ವೆಡ್ಡೆಗಿಂತ ಮೊದಲೂ ಆಮೇಲೂ ಹೆಚ್ಚುಕಡಿಮೆ ಅದೇ ರಾಸಾಯನಿಕ ರುಜುವಿನ ಗಾಜನ್ನು ಉಗುಳಿದೆ. ಹೂಳಿನಲ್ಲಿ ಎಷ್ಟು ಆಳದಲ್ಲಿದೆ, ಸುತ್ತಲಿನ ಪರಾಗ ಯಾವ ಗಿಡದ್ದು ಎಂದು ನೋಡದೆ ಗಾಜೊಂದನ್ನೇ ನಂಬಿದರೆ ಮೂರು ಸಾವಿರ ವರ್ಷ ತಪ್ಪಬಹುದು. ಇನ್ನೊಂದು ತೊಡಕು, ಗುಡ್ಡದ ಮೇಲೆ ಬಿದ್ದ ಬೂದಿ ಆಮೇಲಿನ ಮಳೆಗಳಲ್ಲಿ ತೊಳೆದು ಬಂದು ಸರೋವರ ಸೇರುತ್ತಲೇ ಇರುತ್ತದೆ. ಕಾಲವನ್ನು ಹೇಳುವುದು ಪದರದ ಬುಡ ಮಾತ್ರ.

ಈ ಎರಡನೇ ತೊಡಕನ್ನು ಕಣ್ಣಾರೆ ನೋಡಬೇಕೆಂದರೆ ದೂರ ಹೋಗಬೇಕಿಲ್ಲ. ಆಂಧ್ರದ ನಂದ್ಯಾಲ ಜಿಲ್ಲೆಯ, ಹಿಂದೆ ಕರ್ನೂಲಿಗೆ ಸೇರಿದ್ದ ಜ್ವಾಲಾಪುರಂ ಎಂಬ ಹಳ್ಳಿ. ಜುರ್ರೇರು ಹೊಳೆಯ ಕಣಿವೆಯಲ್ಲಿ ಹೊಲದ ಮಣ್ಣಿನಡಿ ಎರಡೂವರೆ ಮೀಟರಿನಷ್ಟು ದಪ್ಪದ ಬೂದುಬಿಳಿ ಪುಡಿ ಇದೆ. ಊರಿನವರು ಅದನ್ನು ಅಗೆದು ಪಾತ್ರೆ ತಿಕ್ಕುವ ಪುಡಿಗೆಂದು ಮಾರುತ್ತಿದ್ದರು. ಗಾಜಿನ ಚೂರಲ್ಲವೇ, ಕೊಳೆಯನ್ನು ಚೆನ್ನಾಗಿ ಕೀಳುತ್ತದೆ. ಅದು ಅಲ್ಲಿಂದ ಸುಮಾರು 2,600 ಕಿಲೋಮೀಟರ್ ದೂರದ ಸುಮಾತ್ರಾದಿಂದ ಬಂದದ್ದು. ಸುಮಾರು 74,000 ವರ್ಷಗಳ ಹಿಂದೆ ಟೋಬಾ ಜ್ವಾಲಾಮುಖಿ ಸ್ಫೋಟಿಸಿದಾಗ ಹೊರಬಿದ್ದ ಪಾಕ ಎರಡು ಸಾವಿರ ಘನ ಕಿಲೋಮೀಟರಿಗೂ ಹೆಚ್ಚು. ಬೆಟ್ಟ ಕುಸಿದು ಉಳಿದ ಕುಳಿಯಲ್ಲಿ ಈಗ ನೂರು ಕಿಲೋಮೀಟರ್ ಉದ್ದದ ಸರೋವರವಿದೆ. ಕಳೆದ ಇಪ್ಪತ್ತು ಲಕ್ಷ ವರ್ಷಗಳಲ್ಲಿ ಇಷ್ಟು ದೊಡ್ಡ ಸ್ಫೋಟ ಇನ್ನೊಂದಿಲ್ಲ.

ಅಷ್ಟು ದೂರದಿಂದ ಎರಡೂವರೆ ಮೀಟರ್ ಬೂದಿ ಆಕಾಶದಿಂದ ಬಿತ್ತೇ? ಇಲ್ಲ. ಆಗ ಅಲ್ಲೊಂದು ಕೆರೆಯೋ ಜೌಗೋ ಇತ್ತು. ಅದರ ತಳದಲ್ಲಿ ನೇರವಾಗಿ ಬಿದ್ದ ಬೂದಿ ನಾಲ್ಕೈದು ಸೆಂಟಿಮೀಟರ್ ಮಾತ್ರ. ಮಿಕ್ಕದ್ದೆಲ್ಲ ಸುತ್ತಲಿನ ಗುಡ್ಡಗಳಿಂದ ಮಳೆನೀರು ತೊಳೆದು ತಂದು ತುಂಬಿದ್ದು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಮತ್ತು ಮೈಕೇಲ್ ಪೆಟ್ರಾಗ್ಲಿಯಾ ಮುಂತಾದವರು ಅಲ್ಲಿ ಅಗೆದು 2007ರಲ್ಲಿ ಪ್ರಕಟಿಸಿದ ಸಂಗತಿ ಲೋಕದ ಗಮನ ಸೆಳೆಯಿತು. ಬೂದಿಯ ಕೆಳಗೂ ಕಲ್ಲಿನ ಹತ್ಯಾರಗಳಿವೆ, ಮೇಲೂ ಇವೆ, ಎರಡೂ ಬಹುಮಟ್ಟಿಗೆ ಒಂದೇ ಬಗೆಯವು. ಟೋಬಾದಿಂದ ಜಗತ್ತಿಗೆ ವರ್ಷಗಟ್ಟಲೆ ಚಳಿಗಾಲ ಕವಿದು ಮನುಷ್ಯಕುಲವೇ ಕೆಲವು ಸಾವಿರಕ್ಕೆ ಇಳಿಯಿತು ಎಂಬ ವಾದ 1990ರ ದಶಕದಿಂದ ಪ್ರಚಾರದಲ್ಲಿತ್ತು. ಜ್ವಾಲಾಪುರಂನ ಜನ ಹೇಗೋ ಬದುಕಿಕೊಂಡರು ಎಂದು ಈ ಅಗೆತ ಹೇಳಿತು. ಆ ಜನ ನಮ್ಮಂಥವರೋ ಇನ್ನೊಂದು ಬಗೆಯ ಮಾನವರೋ ಎಂಬುದು ಬೇರೆ ಪ್ರಶ್ನೆ. ಹತ್ಯಾರ ಸಿಕ್ಕಿದೆ, ಎಲುಬು ಸಿಕ್ಕಿಲ್ಲ, ಹಾಗಾಗಿ ವಾದ ಮುಗಿದಿಲ್ಲ.

ನೆಲದ ಮೇಲಿನ ಬೂದಿ ಎಷ್ಟು ಗೊಂದಲ ಎಬ್ಬಿಸಬಹುದು ಎಂಬುದಕ್ಕೆ ಪುಣೆ ಜಿಲ್ಲೆಯ ಬೋರಿ ಸಾಕ್ಷಿ. ಕುಕಡಿ ನದಿಯ ದಂಡೆಯ ಬೂದಿಗೆ ಒಂದು ವಿಧಾನದಲ್ಲಿ ಸುಮಾರು 14 ಲಕ್ಷ ವರ್ಷ ಬಂತು, ಗಾಜಿನ ರಾಸಾಯನಿಕ ರುಜು ನೋಡಿದ ಕೆಲವರು ಇದು ಟೋಬಾದ 75,000 ವರ್ಷದ ಬೂದಿಯೇ ಎಂದರು. ನದಿ ಎಲ್ಲಿಂದಲೋ ತಂದ ಹಳೆಯ ಕಲ್ಲಿನ ಹರಳು ನಾಲ್ಕು ಬೆರೆತರೂ ವಯಸ್ಸು ಕೆಡುತ್ತದೆ. ಆಳವಾದ ಸರೋವರ ಬೇಕು ಎನ್ನುವುದು ಇದಕ್ಕೇ.

ಅಂಥ ಸರೋವರ ಸಿಕ್ಕಿದ್ದು ಆಫ್ರಿಕಾದಲ್ಲಿ. ಮಲಾವಿ ಸರೋವರದ ಆಳ 700 ಮೀಟರ್. 2005ರಲ್ಲಿ ಅಲ್ಲಿ ಹಡಗಿನಿಂದ ಹೂಳು ಕೊರೆದು ತೆಗೆದಿದ್ದರು. ಅದೇ ಕ್ರಿಸ್ಟೀನ್ ಲೇನ್ ತಂಡ, ಅದೇ ಜರಡಿ, ಅದೇ ಭಾರದ ದ್ರವ. ಹೂಳಿನಲ್ಲಿ ಸುಮಾರು 28 ಮೀಟರ್ ಕೆಳಗೆ, ಕಣ್ಣಿಗೆ ಏನೂ ಕಾಣದ ಕಡೆ, ಟೋಬಾದ ಗಾಜು ಸಿಕ್ಕಿತು. ಜ್ವಾಲಾಮುಖಿಯಿಂದ 7,000 ಕಿಲೋಮೀಟರಿಗೂ ದೂರ. ಆ ಗೆರೆಯ ಮೇಲಿನ, ಕೆಳಗಿನ ಹೂಳನ್ನು ಸೂಕ್ಷ್ಮವಾಗಿ ನೋಡಿದರು. ಪಾಚಿಗಳಲ್ಲಿ ಬದಲಾವಣೆಯಿಲ್ಲ, ನೀರಿನ ಉಷ್ಣತೆ ಗಮನಾರ್ಹವಾಗಿ ಇಳಿದ ಗುರುತಿಲ್ಲ. ಅಲ್ಲಿ ಚಳಿಗಾಲ ಕವಿದಿದ್ದರೆ ಸರೋವರಕ್ಕೆ ಅದರ ಅರಿವಾಗಿರಲಿಲ್ಲ. ಮಧ್ಯಭಾರತದಲ್ಲಿ ಕಾಡು ಅಳಿಯಿತು ಎಂದು ಬೇರೆಯವರು ಹೇಳಿದ್ದಾರೆ. ಅದು ನಿಜವಿದ್ದರೂ ಆಫ್ರಿಕಾದ ಕಥೆ ಬೇರೆ.

ಟೋಬಾ ಚಳಿಯ ವಾದಕ್ಕೆ ಬಿದ್ದ ಪೆಟ್ಟು ಪತ್ರಿಕೆಗಳಲ್ಲಿ ಸುದ್ದಿಯಾಯಿತು. ನನಗೆ ಹೆಚ್ಚು ಮುಖ್ಯವೆನಿಸುವುದು ಅದರ ಬದಿಯಲ್ಲೇ ನಡೆದ ಇನ್ನೊಂದು ತಿದ್ದುಪಡಿ. ಕಾರ್ಬನ್ ವಿಧಾನದ ಕೈ 50,000 ವರ್ಷದಾಚೆಗೆ ಚಾಚುವುದಿಲ್ಲ. ಹಾಗಾಗಿ ಮಲಾವಿ ಹೂಳಿನ ಆಳದ ಪದರಗಳ ವಯಸ್ಸನ್ನು ಅಂದಾಜಿನ ಮೇಲೆ ಕಟ್ಟಿದ್ದರು. ಪೂರ್ವ ಆಫ್ರಿಕಾವನ್ನು ಸಾವಿರಾರು ವರ್ಷ ಕಾಡಿ ಸರೋವರವನ್ನೇ ಬತ್ತಿಸಿದ ಮಹಾಬರಗಳು ಯಾವಾಗ ಮುಗಿದವು ಎಂಬುದೂ ಆ ಅಂದಾಜಿನ ಮೇಲೆಯೇ ನಿಂತಿತ್ತು. ಮನುಷ್ಯರು ಆಫ್ರಿಕಾ ಬಿಟ್ಟು ಹೊರಟದ್ದಕ್ಕೂ ಆ ಬರಗಳಿಗೂ ನಂಟು ಕಲ್ಪಿಸುವವರಿದ್ದಾರೆ, ಹಾಗಾಗಿ ಅದು ಸಣ್ಣ ಸಂಗತಿಯಲ್ಲ. ಟೋಬಾ ಗೆರೆ ಸಿಕ್ಕ ಮೇಲೆ ಅಂದಾಜು ತಪ್ಪೆಂದು ತಿಳಿದು, ಬರಗಳು ಮುಗಿದ ಕಾಲ ಕನಿಷ್ಠ 10,000 ವರ್ಷ ಹಿಂದಕ್ಕೆ ಸರಿಯಿತು.

2018ರಲ್ಲಿ ಇದೇ ಗಾಜು ದಕ್ಷಿಣ ಆಫ್ರಿಕಾದ ಪಿನಕಲ್ ಪಾಯಿಂಟ್‌ನಲ್ಲಿ, ಮನುಷ್ಯರು ವಾಸವಿದ್ದ ಕಡಲಂಚಿನ ಬಂಡೆಯ ಮರೆಯಲ್ಲಿ ಸಿಕ್ಕಿತು. ಟೋಬಾದಿಂದ ಸುಮಾರು 9,000 ಕಿಲೋಮೀಟರ್ ದೂರ. ಸಿಕ್ಕ ಚೂರುಗಳು ತೀರ ವಿರಳ. ಒಲೆಯ ಬೂದಿ, ಕಲ್ಲಿನ ಚಕ್ಕೆಗಳ ನಡುವೆ ಆ ಗೆರೆಯ ಮೇಲೂ ಕೆಳಗೂ ಜನರ ಬದುಕು ಕಡಿಯದೆ ಮುಂದುವರಿದಿದೆ. ಹೀಗೆ ಬಂಡೆಯ ಮರೆಯ ಒಲೆಯನ್ನೂ ಮಲಾವಿಯ ನೀರಿನ ಮಟ್ಟವನ್ನೂ ಜ್ವಾಲಾಪುರಂನ ಕಲ್ಲುಚಕ್ಕೆಗಳನ್ನೂ ಒಂದೇ ವರ್ಷಕ್ಕೆ ತಂದು ನಿಲ್ಲಿಸಿ ನೋಡಲು ಸಾಧ್ಯವಾಗಿದೆ. ಆ ವರ್ಷ 73,900 ವರ್ಷ ಹಿಂದೆಯೋ 75,000 ವರ್ಷ ಹಿಂದೆಯೋ ಎಂದು ಆರ್ಗಾನ್ ವಿಧಾನದ ಪ್ರಯೋಗಾಲಯಗಳು ಇನ್ನೂ ವಾದಿಸುತ್ತಿವೆ. ಅದು ಯಾವ ಕಡೆಗೆ ತೀರ್ಮಾನವಾದರೂ ಮೂರೂ ಜಾಗಗಳು ಒಟ್ಟಿಗೇ ಸರಿಯುತ್ತವೆ.